ನಿಮ್ಮ ಕಾರಿನ ಪೆಡಲ್ ಅಳೆದಿದ್ದೀರಾ?

ಕಾರು ಓಡಿಸುವ ಸಹೋದರಿಯರಿಗೆ ಒಂದು ಪ್ರಶ್ನೆ. ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟಿದೆ, ಟಯರಿಗೆ ಗಾಳಿ ಹಾಕಿಸಿ ಎಷ್ಟು ದಿನವಾಯಿತು ಎಂದು ಕೇಳಿದರೆ ನೀವು ಥಟ್ಟನೆ ಹೇಳುತ್ತೀರಿ. ಆದರೆ ಬ್ರೇಕ್ ಪೆಡಲ್ ನೆಲದಿಂದ ಎಷ್ಟು ಎತ್ತರದಲ್ಲಿದೆ? ಕ್ಲಚ್ಚನ್ನು ಎಷ್ಟು ಒತ್ತಿದ ಮೇಲೆ ಅದು ಬಿಗಿಯಾಗುತ್ತದೆ? ಪೇಟೆಗೆ ಒಮ್ಮೆ ಹೋಗಿ ಬಂದರೆ ನೂರಾರು ಬಾರಿ ತುಳಿಯುವ ವಸ್ತುಗಳಿವು. ಆದರೂ ಹೆಚ್ಚಿನವರಿಗೆ ಉತ್ತರ ಗೊತ್ತಿರುವುದಿಲ್ಲ. ನನಗೂ ಗೊತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಮೂಡಿಗೆರೆಯಲ್ಲಿ ಸಂಬಂಧಿಕರ ಮದುವೆ ಮುಗಿಸಿ ಚಾರ್ಮಾಡಿ ಘಾಟಿಯಲ್ಲಿ ಇಳಿಯುತ್ತಿದ್ದೆವು. ಹಿಂದಿನ ಸೀಟಿನಲ್ಲಿ ಉಮ್ಮ ಮತ್ತು ಮಕ್ಕಳು, ಸ್ಟಿಯರಿಂಗ್ ಹಿಡಿದದ್ದು ನಾನು. ಕೊಟ್ಟಿಗೆಹಾರದಲ್ಲಿ ಚಹಾ ಕುಡಿದು ಹೊರಟವರು ಅರ್ಧ ಘಾಟಿ ಇಳಿದಿರಬಹುದು. ಒಂದು ತಿರುವಿನಲ್ಲಿ ಬ್ರೇಕ್ ತುಳಿದರೆ ಕಾಲು ಮೆತ್ತನೆಯ ದಿಂಬಿನ ಮೇಲೆ ಇಟ್ಟಂತಾಯಿತು. ಪೆಡಲ್ ಕೆಳಗೆ ಹೋಗುತ್ತಲೇ ಇತ್ತು, ಕಾರು ಮಾತ್ರ ನಿಧಾನವಾಗಲಿಲ್ಲ. ಗಾಬರಿಯಿಂದ ಎರಡು ಮೂರು ಬಾರಿ ತುಳಿದಾಗ ಸ್ವಲ್ಪ ಹಿಡಿಯಿತು. ಗೇರು ಎರಡಕ್ಕೆ, ಆಮೇಲೆ ಒಂದಕ್ಕೆ ಇಳಿಸಿ, ಹ್ಯಾಂಡ್ ಬ್ರೇಕ್ ಮೆಲ್ಲಗೆ ಎಳೆದು, ಗುಡ್ಡದ ಬದಿಯ ಚರಂಡಿಗೆ ಒತ್ತಿಕೊಂಡಂತೆ ಕಾರು ನಿಲ್ಲಿಸಿದೆ. ಉಮ್ಮ ಏನೂ ಮಾತಾಡಲಿಲ್ಲ. ಅವರ ತುಟಿ ಮಾತ್ರ ಅಲುಗುತ್ತಿತ್ತು. ಅರ್ಧ ಗಂಟೆ ಕಳೆದ ಮೇಲೆ ತುಳಿದು ನೋಡಿದರೆ ಪೆಡಲ್ ಮತ್ತೆ ಗಟ್ಟಿ! ಒಂದನೇ ಗೇರಿನಲ್ಲಿ ಆಮೆಯಂತೆ ಇಳಿದು ಬಂದೆವು.

ಮರುದಿನ ಗ್ಯಾರೇಜಿನ ಕಾಕ ಚಕ್ರ ಬಿಚ್ಚಿ ನೋಡಿ, "ಮಗಳೇ, ಇದು ನಿನ್ನೆ ಒಂದು ದಿನದಲ್ಲಿ ಆದದ್ದಲ್ಲ. ಪೆಡಲ್ ಕೆಳಗೆ ಹೋಗಲು ಶುರುವಾಗಿ ತಿಂಗಳುಗಳೇ ಆಗಿರಬೇಕು. ನಿನಗೆ ಗೊತ್ತಾಗಲಿಲ್ಲವಾ?" ಎಂದು ಕೇಳಿದರು. ಹಿಂದಿನ ಚಕ್ರಗಳ ಬ್ರೇಕ್ ಶೂ ಸವೆದು ಹೋಗಿತ್ತು. ಬ್ರೇಕ್ ಆಯಿಲ್ ಕಡು ಚಹಾದ ಬಣ್ಣಕ್ಕೆ ತಿರುಗಿತ್ತು. ನನಗೆ ನಿಜಕ್ಕೂ ಗೊತ್ತಾಗಿರಲಿಲ್ಲ. ಪೆಡಲ್ ದಿನಕ್ಕೆ ಕೂದಲೆಳೆಯಷ್ಟು ಕೆಳಗಿಳಿಯುತ್ತಿದ್ದರೆ ಕಾಲು ಕೂಡಾ ಅಷ್ಟೇ ಒಗ್ಗಿಕೊಳ್ಳುತ್ತಾ ಹೋಗುತ್ತದೆ. ಮನೆಯಲ್ಲಿರುವ ಮಗು ಬೆಳೆದದ್ದು ನಮಗೆ ಕಾಣಿಸದೆ, ವರ್ಷಕ್ಕೊಮ್ಮೆ ಬರುವ ಅತಿಥಿಗೆ ಕಾಣಿಸುವ ಹಾಗೆ. ಆದ್ದರಿಂದ ಕಾಲನ್ನು ನಂಬಬೇಡಿ, ಅಳತೆಯನ್ನು ನಂಬಿ ಎನ್ನುವುದೇ ಈ ಲೇಖನ. ಬೇಕಾದ ಸಾಮಾನು ಮಗುವಿನ ಶಾಲೆಯ ಚೀಲದಲ್ಲಿರುವ ಸ್ಕೇಲು, ಒಂದು ಪೆನ್ನು ಮತ್ತು ಕಾಗದ. ಅಂಗಳದಲ್ಲಿ, ಸಮತಟ್ಟಾದ ಜಾಗದಲ್ಲಿ ಕಾಲು ಗಂಟೆ ಸಾಕು.

ಒಳಗೆ ಏನು ನಡೆಯುತ್ತದೆ?

ಮಕ್ಕಳಿಗೆ ಔಷಧಿ ಕುಡಿಸುವ ಸಿರಿಂಜ್ ಮನೆಯಲ್ಲಿದ್ದರೆ ಒಂದು ಪ್ರಯೋಗ ಮಾಡಿ ನೋಡಿ. ಅದರಲ್ಲಿ ನೀರು ತುಂಬಿ, ಬಾಯಿಯನ್ನು ಬೆರಳಿನಿಂದ ಮುಚ್ಚಿ ಒತ್ತಿ. ಅದು ಅಲುಗುವುದಿಲ್ಲ. ಈಗ ನೀರು ಚೆಲ್ಲಿ ಬರೀ ಗಾಳಿ ತುಂಬಿ ಒತ್ತಿ. ಸ್ಪಂಜಿನಂತೆ ಒಳಗೆ ಹೋಗುತ್ತದೆ. ಬ್ರೇಕಿನ ಗುಟ್ಟು ಇಷ್ಟೇ. ನೀವು ಪೆಡಲ್ ತುಳಿದಾಗ ಮಾಸ್ಟರ್ ಸಿಲಿಂಡರ್ ಎಂಬ ದೊಡ್ಡ ಸಿರಿಂಜ್ ಬ್ರೇಕ್ ಆಯಿಲನ್ನು ತಳ್ಳುತ್ತದೆ. ಆ ಒತ್ತಡ ಸಣ್ಣ ಪೈಪುಗಳ ಮೂಲಕ ನಾಲ್ಕೂ ಚಕ್ರಗಳಿಗೆ ಹೋಗುತ್ತದೆ. ದ್ರವ ಕುಗ್ಗುವುದಿಲ್ಲ, ಆದ್ದರಿಂದ ಕಾಲಿನ ಬಲ ಪೂರ್ತಿ ಚಕ್ರವನ್ನು ಮುಟ್ಟುತ್ತದೆ. ಪೈಪಿನೊಳಗೆ ಗಾಳಿ ಸೇರಿಕೊಂಡರೆ ನಿಮ್ಮ ಬಲವೆಲ್ಲ ಗಾಳಿಯನ್ನು ಕುಗ್ಗಿಸುವುದರಲ್ಲೇ ಮುಗಿಯುತ್ತದೆ.

ಬ್ರೇಕ್ ಆಯಿಲ್ ಎಂದು ನಾವು ಕರೆಯುತ್ತೇವಾದರೂ ಅದು ಎಣ್ಣೆಯಲ್ಲ. ತೆರೆದಿಟ್ಟ ಉಪ್ಪಿನ ಹಾಗೆ ಅದು ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ. ಹೊಸ ಡಾಟ್ 3 ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ಅದೇ ತೇವ ಹೀರಿಕೊಂಡ ಮೇಲೆ ಆ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಡಾಟ್ 4 ಆದರೆ ಹೊಸದರಲ್ಲಿ 230, ತೇವ ಸೇರಿದ ಮೇಲೆ 155. ಘಾಟಿಯಲ್ಲಿ ಮತ್ತೆ ಮತ್ತೆ ಬ್ರೇಕ್ ತುಳಿದಾಗ ಚಕ್ರದ ಬಳಿ ಬಿಸಿ ಏರುತ್ತದೆ. ಹಳೆಯ ದ್ರವ ಕುದಿದು ಆವಿಯಾಗುತ್ತದೆ. ಆವಿ ಎಂದರೆ ಗಾಳಿಯಂತೆಯೇ, ಕುಗ್ಗುತ್ತದೆ. ಚಾರ್ಮಾಡಿಯಲ್ಲಿ ನಮಗಾದದ್ದು ಇದೇ. ತಣ್ಣಗಾದ ಮೇಲೆ ಆವಿ ಮತ್ತೆ ದ್ರವವಾಯಿತು, ಪೆಡಲ್ ಗಟ್ಟಿಯಾಯಿತು. "ಈಗ ಸರಿಯಾಗಿದೆಯಲ್ಲ" ಎಂದು ಸುಮ್ಮನಾಗುವವರು ಇಲ್ಲಿಯೇ ಮೋಸ ಹೋಗುವುದು. ಕರಾವಳಿಯಂತಹ ತೇವದ ಊರಿನಲ್ಲಿರುವವರು ಎರಡು ವರ್ಷಕ್ಕೊಮ್ಮೆಯಾದರೂ ಈ ದ್ರವ ಬದಲಿಸಬೇಕು. ಕಡಿಮೆಯಾದಾಗ ಮೇಲಿಂದ ಸ್ವಲ್ಪ ಸುರಿಯುವುದನ್ನು ಬದಲಿಸುವುದು ಎನ್ನಲಾಗದು.

ಬ್ರೇಕ್ ಪೆಡಲ್ ಪರೀಕ್ಷೆ

ಮೊದಲು ಕಾರಿನ ಪುಸ್ತಕ ಹುಡುಕಿ. ಕೊಂಡಾಗ ಕೊಟ್ಟದ್ದು, ಹೆಚ್ಚಿನ ಮನೆಗಳಲ್ಲಿ ಪ್ಲಾಸ್ಟಿಕ್ ಕವರಿನಿಂದ ಹೊರಗೆ ಬಂದಿರುವುದೇ ಇಲ್ಲ. ನಿಮ್ಮ ಮಾಡೆಲಿಗೆ ಸರಿಯಾದ ಅಳತೆ ಸಾಮಾನ್ಯವಾಗಿ ಅದರಲ್ಲಿರುತ್ತದೆ.

ಎಂಜಿನ್ ಆಫ್ ಮಾಡಿ ಬ್ರೇಕನ್ನು ಐದಾರು ಬಾರಿ ಪೂರ್ತಿ ತುಳಿಯಿರಿ. ಬ್ರೇಕಿಗೆ ಬಲ ಸೇರಿಸುವ ಬೂಸ್ಟರಿನಲ್ಲಿ ಉಳಿದಿದ್ದ ಶಕ್ತಿ ಖಾಲಿಯಾಗಿ ಪೆಡಲ್ ಗಟ್ಟಿಯಾಗುತ್ತದೆ. ಈಗ ಕಾಲು ತೆಗೆದು, ಕೆಳಗೆ ಬಗ್ಗಿ, ಸ್ಕೇಲನ್ನು ಪೆಡಲಿನ ಪಕ್ಕ ನೆಲಕ್ಕೆ ಊರಿ ಎತ್ತರ ಬರೆದುಕೊಳ್ಳಿ. ಬೆರಳಿನಿಂದ ಪೆಡಲನ್ನು ಮೆಲ್ಲಗೆ ಒತ್ತಿ. ಮೊದಲು ಸ್ವಲ್ಪ ದೂರ ಸಲೀಸಾಗಿ ಹೋಗಿ ಆಮೇಲೆ ತಡೆ ಸಿಗುತ್ತದೆ. ಆ ಸಲೀಸು ದೂರವನ್ನು ಗ್ಯಾರೇಜಿನವರು 'ಪ್ಲೇ' ಎನ್ನುತ್ತಾರೆ. ಬ್ರೇಕಿನಲ್ಲಿ ಇದು ಕೆಲವೇ ಮಿಲಿಮೀಟರ್ ಇರಬೇಕು. ಸ್ವಲ್ಪವೂ ಇಲ್ಲದಿದ್ದರೆ ಒಳ್ಳೆಯದು ಎಂದು ಭಾವಿಸಬೇಡಿ. ಪ್ಲೇ ಇಲ್ಲದ ಬ್ರೇಕು ಕಾಲು ತೆಗೆದ ಮೇಲೂ ಚಕ್ರವನ್ನು ಸವರುತ್ತಲೇ ಇರುತ್ತದೆ. ಚಕ್ರ ಬಿಸಿಯಾಗುತ್ತದೆ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಕೆಲವೊಮ್ಮೆ ಬಿಸಿಗೆ ದ್ರವ ಹಿಗ್ಗಿ ಬ್ರೇಕು ತಾನಾಗಿಯೇ ಹಿಡಿದುಕೊಳ್ಳುತ್ತದೆ. ಹಿಂದಿನ ಕೆಂಪು ದೀಪ ಸದಾ ಉರಿಯುತ್ತಿದೆ ಎಂದು ಯಾರಾದರೂ ಹೇಳಿದರೆ ಆಗಲೂ ಈ ಪೆಡಲಿನ ಕಡೆಗೊಮ್ಮೆ ನೋಡಬೇಕು.

ಇನ್ನು ಬೂಸ್ಟರ್. ಐದಾರು ಬಾರಿ ತುಳಿದು ಗಟ್ಟಿಯಾದ ಪೆಡಲನ್ನು ಹಾಗೆಯೇ ಒತ್ತಿ ಹಿಡಿದು ಎಂಜಿನ್ ಸ್ಟಾರ್ಟ್ ಮಾಡಿ. ಪೆಡಲ್ ಕಾಲಿನಡಿ ಸ್ವಲ್ಪ ಕೆಳಗಿಳಿಯಬೇಕು. ಇಳಿದರೆ ಬೂಸ್ಟರ್ ಸರಿಯಿದೆ. ಕಲ್ಲಿನಂತೆ ಅಲ್ಲೇ ನಿಂತರೆ ಬೂಸ್ಟರಿನಲ್ಲೋ ಅದರ ರಬ್ಬರ್ ಪೈಪಿನಲ್ಲೋ ತೊಂದರೆಯಿದೆ.

ಎಂಜಿನ್ ಓಡುತ್ತಿರುವಂತೆಯೇ ಈಗ ಬ್ರೇಕನ್ನು ಗಟ್ಟಿಯಾಗಿ ಒತ್ತಿ ಒಂದು ನಿಮಿಷ ಹಿಡಿಯಿರಿ. ಇದು ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ. ಪೆಡಲ್ ಒಂದೇ ಜಾಗದಲ್ಲಿ ನಿಲ್ಲಬೇಕು. ನಿಧಾನವಾಗಿ ನೆಲದ ಕಡೆಗೆ ಜಾರುತ್ತಾ ಹೋದರೆ ದ್ರವ ಎಲ್ಲೋ ಸೋರುತ್ತಿದೆ, ಅಥವಾ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಸವೆದಿದೆ. ಎರಡನೆಯದಾದರೆ ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ಅಂತಹ ಕಾರನ್ನು ಗ್ಯಾರೇಜಿಗೆ ಓಡಿಸಿಕೊಂಡು ಹೋಗಬೇಡಿ, ಮೆಕ್ಯಾನಿಕನ್ನೇ ಮನೆಗೆ ಕರೆಸಿ. ಈ ಪರೀಕ್ಷೆಯಲ್ಲೇ ಪೆಡಲ್ ಎಷ್ಟು ಕೆಳಗೆ ಹೋಗಿ ನಿಲ್ಲುತ್ತದೆ ಎಂಬುದನ್ನೂ ಮನೆಯವರೊಬ್ಬರು ಸ್ಕೇಲು ಹಿಡಿದು ಅಳೆಯಲಿ. ತಾನು ಹೋಗಬಹುದಾದ ದಾರಿಯ ಅರ್ಧಕ್ಕಿಂತಲೂ ಕೆಳಗೆ ಹೋಗುತ್ತಿದ್ದರೆ ತಡಮಾಡದೆ ತೋರಿಸಿ.

ಮೊದಲ ಸಲ ತುಳಿದಾಗ ಕೆಳಗೆ ಹೋಗಿ, ಕೂಡಲೇ ಎರಡನೇ ಸಲ ತುಳಿದಾಗ ಮೇಲೆಯೇ ನಿಂತರೆ ಅದಕ್ಕೆ ಸಾಮಾನ್ಯವಾಗಿ ಎರಡು ಕಾರಣ. ಒಂದು, ಹಿಂದಿನ ಡ್ರಮ್ಮಿನಲ್ಲಿ ಶೂ ಸವೆದು ದೂರವಾಗಿದೆ. ಇನ್ನೊಂದು, ಪೈಪಿನಲ್ಲಿ ಗಾಳಿಯಿದೆ. ಗಾಳಿಯಿದ್ದರೆ ಪೆಡಲ್ ಸ್ಪಂಜಿನಂತಿರುತ್ತದೆ. ಶೂ ಸವೆದಿದ್ದರೆ ಕೆಳಗೆ ಹೋದರೂ ಕೊನೆಯಲ್ಲಿ ಗಟ್ಟಿಯಾಗಿರುತ್ತದೆ. ನಮ್ಮ ಕಾರಿನಲ್ಲಿ ಎರಡೂ ಸೇರಿಕೊಂಡಿದ್ದವು!

ಕೊನೆಗೆ ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಡಬ್ಬಿ ನೋಡಿ. ಹೊರಗಿನಿಂದಲೇ ಎರಡು ಗೆರೆ ಕಾಣುತ್ತದೆ, ದ್ರವ ಅವೆರಡರ ನಡುವೆ ಇರಬೇಕು. ಪ್ಯಾಡ್ ಸವೆದಂತೆ ಮಟ್ಟ ಸ್ವಲ್ಪ ಸ್ವಲ್ಪ ಇಳಿಯುವುದು ಸಹಜ, ಒಮ್ಮೆಲೇ ಇಳಿದರೆ ಸೋರಿಕೆ. ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಎಂದು ಬರೆದಿರುತ್ತದೆ, ಅದನ್ನೇ ಹಾಕಬೇಕು. ಎಂಜಿನ್ ಆಯಿಲನ್ನಾಗಲಿ ಮನೆಯ ಯಾವ ಎಣ್ಣೆಯನ್ನಾಗಲಿ ಒಂದು ಹನಿಯೂ ಹಾಕಬೇಡಿ, ಒಳಗಿನ ರಬ್ಬರೆಲ್ಲ ಉಬ್ಬಿ ಹಾಳಾಗುತ್ತದೆ. ಈ ದ್ರವ ಕಾರಿನ ಪೇಂಟಿಗೆ ಬಿದ್ದರೆ ಪೇಂಟ್ ಏಳುತ್ತದೆ. ಕೂಡಲೇ ನೀರು ಹಾಕಿ ತೊಳೆಯಿರಿ.

ಅಳೆಯುವುದು ನಮ್ಮ ಕೆಲಸ, ಬ್ರೇಕು ಸರಿಪಡಿಸುವುದು ಮೆಕ್ಯಾನಿಕನ ಕೆಲಸ. ಇದನ್ನು ನಾನು ಸ್ವಲ್ಪ ಖಡಾಖಂಡಿತವಾಗಿಯೇ ಹೇಳುತ್ತೇನೆ. ಪೆಡಲಿನ ಹಿಂದಿರುವ ರಾಡನ್ನು ಅರ್ಧ ಸುತ್ತು ತಪ್ಪಾಗಿ ತಿರುಗಿಸಿದರೂ ಬ್ರೇಕು ಹಿಡಿದುಕೊಂಡೇ ಇರಬಹುದು. ಯಾರೋ ಮಾಡಿ ತೋರಿಸಿದರೆಂದು ನೀವು ಕೈ ಹಾಕಬೇಡಿ.

ಕ್ಲಚ್ಚಿನ ಸರದಿ

ಕ್ಲಚ್ಚಿನಲ್ಲಿ ಹಾಗಲ್ಲ. 1983ರ ಡಿಸೆಂಬರಿನಿಂದ 2014ರ ಜನವರಿವರೆಗೆ ತಯಾರಾದ ಮಾರುತಿ 800 ಕಾರಿನಲ್ಲಿ ನಮ್ಮಲ್ಲಿ ಎಷ್ಟೋ ಮಂದಿ ಡ್ರೈವಿಂಗ್ ಕಲಿತಿದ್ದೇವೆ. ಅದರಲ್ಲಿರುವಂತೆ ಅನೇಕ ಸಣ್ಣ ಕಾರುಗಳಲ್ಲಿ ಕ್ಲಚ್ ಪೆಡಲಿನಿಂದ ಗೇರ್ ಬಾಕ್ಸಿಗೆ ಒಂದು ಉಕ್ಕಿನ ಕೇಬಲ್ ಹೋಗುತ್ತದೆ, ಸೈಕಲ್ಲಿನ ಬ್ರೇಕಿಗೆ ಇರುವಂಥದ್ದೇ, ಸ್ವಲ್ಪ ದಪ್ಪ. ಆ ಕೇಬಲಿನ ತುದಿಯಲ್ಲಿ ಒಂದು ನಟ್ಟು. ಹೊಂದಾಣಿಕೆಯೆಲ್ಲ ಆ ನಟ್ಟಿನಲ್ಲಿದೆ. ಎಂಜಿನ್ ಆಫ್ ಇರುವಾಗ ಕ್ಲಚ್ ಪೆಡಲನ್ನು ಕೈಯಿಂದ ಒತ್ತಿ ಬ್ರೇಕಿನಂತೆಯೇ ಪ್ಲೇ ಅಳೆಯಿರಿ. ಕೇಬಲ್ ಇರುವ ಕಾರುಗಳಲ್ಲಿ ಅಂದಾಜು ಒಂದು ಬೆರಳಿನ ಅಗಲದಷ್ಟು ಇರುವುದು ಸಾಮಾನ್ಯ. ನಿಮ್ಮ ಕಾರಿನ ನಿಜವಾದ ಅಳತೆ ಪುಸ್ತಕದಲ್ಲಿರುವುದೇ.

ಕ್ಲಚ್ ಪ್ಲೇಟು ಸವೆದಂತೆ ಈ ಪ್ಲೇ ಹೆಚ್ಚುತ್ತದೆ ಎಂದು ಹಲವರ ಎಣಿಕೆ. ನಿಜವೆಂದರೆ ಅದು ಕಡಿಮೆಯಾಗುತ್ತಾ ಬರುತ್ತದೆ. ಪೂರ್ತಿ ಇಲ್ಲವಾದಾಗ ನೀವು ಕಾಲು ತೆಗೆದಿದ್ದರೂ ಕಾರಿನ ಮಟ್ಟಿಗೆ ಕ್ಲಚ್ಚು ಸ್ವಲ್ಪ ತುಳಿದಂತೆಯೇ. ಏರಿನಲ್ಲಿ ಎಂಜಿನ್ ಜೋರಾಗಿ ಕೂಗುತ್ತದೆ, ಕಾರು ಮುಂದೆ ಹೋಗುವುದಿಲ್ಲ. ಸುಟ್ಟ ವಾಸನೆ ಬರುತ್ತದೆ. ಪ್ಲೇ ಅತಿಯಾದರೆ ತೊಂದರೆ ಬೇರೆ ರೀತಿಯದು. ಪೂರ್ತಿ ತುಳಿದರೂ ಕ್ಲಚ್ಚು ಪೂರ್ತಿ ಬಿಡುವುದಿಲ್ಲ, ಒಂದನೇ ಗೇರು ಬೀಳಲು ಹಠ ಮಾಡುತ್ತದೆ, ರಿವರ್ಸ್ ಹಾಕಿದಾಗ ಕರ್ರ್ ಎಂದು ಸದ್ದು.

ಪರೀಕ್ಷಿಸುವುದು ಸುಲಭ. ಎದುರಿಗೆ ಯಾರೂ ಇಲ್ಲದ ಜಾಗದಲ್ಲಿ ಹ್ಯಾಂಡ್ ಬ್ರೇಕ್ ಎಳೆದು, ಬಲಗಾಲನ್ನು ಬ್ರೇಕಿನ ಮೇಲಿಟ್ಟು, ಎಂಜಿನ್ ಓಡುವಾಗ ಮೂರನೇ ಗೇರಿಗೆ ಹಾಕಿ ಕ್ಲಚ್ಚನ್ನು ಮೆಲ್ಲಗೆ ಬಿಡಿ. ಎಂಜಿನ್ ಮುಗ್ಗರಿಸಿ ಆಫ್ ಆಗಬೇಕು. ಆಫ್ ಆಗದೆ ಓಡುತ್ತಲೇ ಇದ್ದರೆ ಕ್ಲಚ್ಚು ಜಾರುತ್ತಿದೆ. ಒಮ್ಮೆ ಮಾತ್ರ ಮಾಡಿ, ಪದೇ ಪದೇ ಮಾಡಿದರೆ ಇರುವ ಪ್ಲೇಟೂ ಸುಡುತ್ತದೆ. ಬಿಡುವುದಿಲ್ಲವೇ ಎಂದು ನೋಡಲು ಗೇರು ನ್ಯೂಟ್ರಲಿನಲ್ಲಿರುವಾಗ ಕ್ಲಚ್ ಪೂರ್ತಿ ತುಳಿದು, ನಾಲ್ಕೈದು ಸೆಕೆಂಡು ಕಾದು ರಿವರ್ಸ್ ಹಾಕಿ. ಸದ್ದಿಲ್ಲದೆ ಬಿದ್ದರೆ ಸರಿ.

ಹೊಂದಿಸುವುದನ್ನು ಮೊದಲ ಸಲ ಗ್ಯಾರೇಜಿನಲ್ಲಿ ನಿಂತು ನೋಡಿ ಕಲಿಯಿರಿ. ಎಂಜಿನ್ ತಣ್ಣಗಿರುವಾಗ ಬಾನೆಟ್ ಎತ್ತಿ, ಗೇರ್ ಬಾಕ್ಸಿನ ಬಳಿ ಕೇಬಲ್ ಬಂದು ಸೇರುವ ಸಣ್ಣ ಕೈಯಂತಹ ಲಿವರ್ ಹುಡುಕಿ. ಅಲ್ಲಿರುವ ನಟ್ಟನ್ನು ಸ್ಪ್ಯಾನರಿನಿಂದ ಬಿಗಿ ಮಾಡಿದರೆ ಪ್ಲೇ ಕಡಿಮೆಯಾಗುತ್ತದೆ, ಸಡಿಲಿಸಿದರೆ ಹೆಚ್ಚಾಗುತ್ತದೆ. ಒಂದೊಂದು ಸುತ್ತು ತಿರುಗಿಸಿ, ಪೆಡಲನ್ನು ಎರಡು ಮೂರು ಬಾರಿ ಒತ್ತಿ ಬಿಟ್ಟು ಮತ್ತೆ ಅಳೆಯಿರಿ. ಕೆಲವು ಕಾರುಗಳಲ್ಲಿ ಅದರ ಹಿಂದೆ ಲಾಕ್ ನಟ್ಟು ಇರುತ್ತದೆ, ಅದನ್ನು ಮೊದಲು ಸಡಿಲಿಸಿ ಕೊನೆಗೆ ಬಿಗಿಯಬೇಕು. ನಟ್ಟು ಕೊನೆಯವರೆಗೆ ಹೋಗಿ ಇನ್ನು ಜಾಗವಿಲ್ಲ ಎಂದಾದರೆ ಹೊಂದಿಸುವ ಕಾಲ ಮುಗಿಯಿತು. ಕೇಬಲ್ ಅಥವಾ ಪ್ಲೇಟ್ ಬದಲಿಸಬೇಕು. ಪೆಡಲ್ ದಿನೇ ದಿನೇ ಗಟ್ಟಿಯಾಗುತ್ತಿದ್ದರೆ ಕೇಬಲಿನ ಎಳೆಗಳು ಒಂದೊಂದಾಗಿ ಕಡಿಯುತ್ತಿರಬಹುದು. ಅದು ಪೂರ್ತಿ ಕಡಿಯುವುದು ಯಾವಾಗಲೂ ಮಳೆ ಬರುವಾಗಲೇ, ಪೇಟೆಯ ನಡುವೆಯೇ!

ಕೇಬಲಿನ ಬದಲು ದ್ರವದಿಂದ ಕೆಲಸ ಮಾಡುವ ಕ್ಲಚ್ಚೂ ಇದೆ. ಅದರಲ್ಲಿ ನಾವು ತಿರುಗಿಸುವಂಥದ್ದು ಹೆಚ್ಚೇನೂ ಇರುವುದಿಲ್ಲ. ಪೆಡಲ್ ಮೆತ್ತಗಾದರೆ ಬ್ರೇಕಿನಂತೆ ದ್ರವ ಮತ್ತು ಸೋರಿಕೆ ನೋಡಿಸಬೇಕು.

ಎಷ್ಟು ಹೊಂದಿಸಿದರೂ ಎಡಗಾಲನ್ನು ಸದಾ ಕ್ಲಚ್ಚಿನ ಮೇಲೆ ಇಟ್ಟುಕೊಳ್ಳುವ ಅಭ್ಯಾಸ ಇದ್ದರೆ ಪ್ರಯೋಜನವಿಲ್ಲ. ಏರಿನಲ್ಲಿ ಟ್ರಾಫಿಕ್ ನಿಂತಾಗ ಅರ್ಧ ಕ್ಲಚ್ಚಿನಲ್ಲಿ ಕಾರನ್ನು ತೂಗಾಡಿಸುವುದೂ ಅದೇ. ಹ್ಯಾಂಡ್ ಬ್ರೇಕ್ ಇರುವುದೇಕೆ? ಗಲ್ಫ್‌ನಲ್ಲಿ ಆಟೊಮ್ಯಾಟಿಕ್ ಕಾರು ಓಡಿಸಿ ರಜೆಗೆ ಊರಿಗೆ ಬರುವ ಸಹೋದರಿಯರಿಗೆ ಇನ್ನೊಂದು ಮಾತು. ಅಲ್ಲಿ ಸ್ಟಿಯರಿಂಗ್ ಎಡಕ್ಕೆ, ಇಲ್ಲಿ ಬಲಕ್ಕೆ. ಆದರೆ ಪೆಡಲುಗಳ ಕ್ರಮ ಎಲ್ಲೆಡೆ ಒಂದೇ, ಎಡಕ್ಕೆ ಕ್ಲಚ್ಚು, ನಡುವೆ ಬ್ರೇಕು, ಬಲಕ್ಕೆ ಎಕ್ಸಿಲರೇಟರ್. ಎಡಗಾಲಿಗೆ ಕೆಲಸ ಮರೆತಿರುತ್ತದೆ ಅಷ್ಟೇ. ಮೊದಲ ದಿನ ಮೈದಾನದಲ್ಲಿ ಸ್ವಲ್ಪ ಓಡಿಸಿ ನೋಡಿ ರಸ್ತೆಗೆ ಇಳಿಯಿರಿ.

ಪೆಡಲಿನ ಅಡಿಯಲ್ಲಿ ಏನಿದೆ?

2009ರ ಆಗಸ್ಟಿನಲ್ಲಿ ಅಮೆರಿಕದ ಸ್ಯಾನ್ ಡಿಯಾಗೊ ಬಳಿ ಒಂದು ಲೆಕ್ಸಸ್ ಕಾರು ಹಿಡಿತಕ್ಕೆ ಸಿಗದೆ ಓಡಿ, ಒಳಗಿದ್ದ ನಾಲ್ವರೂ ತೀರಿಕೊಂಡರು. ಓಡಿಸುತ್ತಿದ್ದವರು ಹೆದ್ದಾರಿ ಪೊಲೀಸ್ ಅಧಿಕಾರಿ, ಅಂದರೆ ನುರಿತ ಚಾಲಕ. ಬೇರೆ ಮಾಡೆಲಿನ ಕಾರಿಗೆ ಮಾಡಿದ ಮ್ಯಾಟನ್ನು ಅದರಲ್ಲಿ ಹಾಸಲಾಗಿತ್ತು, ಎಕ್ಸಿಲರೇಟರ್ ಪೆಡಲ್ ಅದಕ್ಕೆ ಸಿಕ್ಕಿಕೊಂಡಿತ್ತು. ಆ ವರ್ಷವೇ ಟೊಯೋಟ ಕಂಪೆನಿ ಮ್ಯಾಟಿನ ಕಾರಣಕ್ಕೆ ಅಮೆರಿಕದಲ್ಲಿ ಸುಮಾರು 38 ಲಕ್ಷ ಕಾರುಗಳ ವಿಷಯದಲ್ಲಿ ಎಚ್ಚರಿಕೆ ಕೊಡಬೇಕಾಯಿತು. ಒಂದು ಮ್ಯಾಟು!

ಚಂದವಿದೆಯೆಂದು ಮ್ಯಾಟಿನ ಮೇಲೆ ಇನ್ನೊಂದು ಮ್ಯಾಟ್ ಹಾಕುವವರು, ಮಳೆಗಾಲದಲ್ಲಿ ಹಳೆಯ ಪತ್ರಿಕೆ ಹಾಸುವವರು ದಯವಿಟ್ಟು ಗಮನಿಸಿ. ಡ್ರೈವರ್ ಬದಿಯಲ್ಲಿ ಕೊಕ್ಕೆಗೆ ಸಿಕ್ಕಿಸಿದ ಒಂದೇ ಮ್ಯಾಟ್ ಇರಲಿ. ಮಕ್ಕಳ ನೀರಿನ ಬಾಟಲಿ ಸೀಟಿನಡಿ ಉರುಳಿ ಬಂದು ಬ್ರೇಕಿನ ಹಿಂದೆ ನಿಂತರೆ ಪೆಡಲ್ ಕೆಳಗೆ ಹೋಗುವುದೇ ಇಲ್ಲ. ಹವಾಯಿ ಚಪ್ಪಲಿಯ ತುದಿ ಮಡಚಿ ಪೆಡಲಿನಡಿ ಸಿಕ್ಕಿಕೊಳ್ಳುತ್ತದೆ. ಎತ್ತರದ ಹಿಮ್ಮಡಿಯಿದ್ದರೆ ಕಾಲಿಗೆ ಪೆಡಲಿನ ಸುದ್ದಿ ಮುಟ್ಟುವುದೇ ಇಲ್ಲ. ಮದುವೆಗೆ ಹೋಗುವಾಗ ಅಂದದ ಚಪ್ಪಲಿ ಹಿಂದಿನ ಸೀಟಿನಲ್ಲಿರಲಿ, ಓಡಿಸಲು ಒಂದು ಜೊತೆ ಚಪ್ಪಟೆ ಶೂ ಕಾರಿನಲ್ಲೇ ಇಟ್ಟುಕೊಳ್ಳಿ. ಬುರ್ಖಾ ಅಥವಾ ಸೀರೆಯ ಅಂಚು ಉದ್ದವಿದ್ದರೆ ಕುಳಿತ ಕೂಡಲೇ ಮೊಣಕಾಲಿನ ಕೆಳಗಿನಿಂದ ಸ್ವಲ್ಪ ಎತ್ತಿ ಸೀಟಿಗೆ ಒತ್ತಿಕೊಳ್ಳಿ. ನಾನು ಹೀಗೆ ಮಾಡಿ ಎರಡೂ ಕಾಲನ್ನು ಒಮ್ಮೆ ಮೂರೂ ಪೆಡಲುಗಳ ಮೇಲೆ ಆಡಿಸಿ ನೋಡಿಯೇ ಕೀ ತಿರುಗಿಸುವುದು.

ಘಾಟಿ ಇಳಿಯುವವರಿಗೆ

ಏರಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರು ಎಂದು ಹಳೆಯ ಡ್ರೈವರುಗಳು ಹೇಳುತ್ತಾರೆ. ಎಂಜಿನ್ನೇ ಕಾರನ್ನು ಹಿಡಿದಿಡುತ್ತದೆ, ಬ್ರೇಕಿಗೆ ಬಿಡುವು ಸಿಗುತ್ತದೆ. ಬ್ರೇಕಿನ ಮೇಲೆ ಕಾಲನ್ನು ಸದಾ ಸವರಿಕೊಂಡು ಇಳಿಯುವ ಬದಲು ಬೇಕಾದಾಗ ಗಟ್ಟಿಯಾಗಿ ತುಳಿದು ಬಿಟ್ಟುಬಿಡಿ. ಪೆಟ್ರೋಲ್ ಉಳಿಸಲು ಇಳಿಜಾರಿನಲ್ಲಿ ಎಂಜಿನ್ ಆಫ್ ಮಾಡುವ ಚಾಳಿ ಕೆಲವರಿಗಿದೆ. ಎಂಜಿನ್ ನಿಂತರೆ ಬೂಸ್ಟರಿಗೆ ಶಕ್ತಿ ಇಲ್ಲ, ಎರಡು ಮೂರು ಬಾರಿ ತುಳಿಯುವಷ್ಟರಲ್ಲಿ ಪೆಡಲ್ ಕಲ್ಲಾಗುತ್ತದೆ. ಕೀ ಪೂರ್ತಿ ತಿರುಗಿಸಿದರೆ ಸ್ಟಿಯರಿಂಗ್ ಲಾಕ್ ಆಗಲೂಬಹುದು.

ಬ್ರೇಕು ಕೈಕೊಟ್ಟರೆ ಬೇಗ ಬೇಗನೆ ತುಳಿಯುತ್ತಾ ಗೇರು ಒಂದೊಂದಾಗಿ ಇಳಿಸಿ, ಹ್ಯಾಂಡ್ ಬ್ರೇಕನ್ನು ಬಟನ್ ಒತ್ತಿ ಹಿಡಿದೇ ಮೆಲ್ಲಗೆ ಎಳೆಯಿರಿ. ಒಮ್ಮೆಲೇ ಎಳೆದರೆ ಹಿಂದಿನ ಚಕ್ರ ಜಾರುತ್ತದೆ. ಈಗಿನ ಕಾರುಗಳಲ್ಲಿ ಬ್ರೇಕಿಗೆ ಎರಡು ಪ್ರತ್ಯೇಕ ದಾರಿಗಳಿರುವುದರಿಂದ ಒಂದು ಸೋರಿದರೂ ಇನ್ನೊಂದು ಸ್ವಲ್ಪವಾದರೂ ಹಿಡಿಯುತ್ತದೆ, ಬಲವಾಗಿ ತುಳಿಯಬೇಕು ಅಷ್ಟೇ. ನಮ್ಮ ದೇಶದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯವಾಗಿದೆ. ಅಂತಹ ಕಾರಿನಲ್ಲಿ ಜೋರಾಗಿ ತುಳಿದಾಗ ಪೆಡಲ್ ಕಾಲಿನಡಿ ತಟತಟನೆ ನಡುಗಿದರೆ ಹೆದರಿ ಕಾಲು ತೆಗೆಯಬೇಡಿ. ಅದು ಕೆಲಸ ಮಾಡುತ್ತಿರುವ ಗುರುತು.

ಗ್ಯಾರೇಜಿನಲ್ಲಿ

"ಬ್ರೇಕ್ ಸರಿಯಿಲ್ಲ" ಎಂದಷ್ಟೇ ಹೇಳಿದರೆ ಕೆಲವರು "ಯಜಮಾನರನ್ನು ಕಳಿಸಿ" ಎನ್ನುತ್ತಾರೆ. ಯಜಮಾನರು ದುಬೈಯಲ್ಲೋ ದಮ್ಮಾಮಿನಲ್ಲೋ ಇರುತ್ತಾರೆ! ಬದಲಿಗೆ, "ಒಂದು ನಿಮಿಷ ಹಿಡಿದರೆ ಪೆಡಲ್ ಜಾರುತ್ತಿದೆ", "ಎರಡನೇ ಸಲಕ್ಕೆ ಮೇಲೆ ಬರುತ್ತದೆ", "ಕ್ಲಚ್ ಪ್ಲೇ ಆರು ತಿಂಗಳಲ್ಲಿ ಅರ್ಧಕ್ಕೆ ಇಳಿದಿದೆ" ಎಂದು ಬರೆದ ಕಾಗದ ತೋರಿಸಿ ನೋಡಿ. ಮಾತಿನ ಧಾಟಿಯೇ ಬದಲಾಗುತ್ತದೆ. ನಮ್ಮ ಕಾರಿನ ಡ್ಯಾಶ್‌ಬೋರ್ಡಿನೊಳಗೆ ಮಗಳ ನೋಟ್‌ಬುಕ್ಕಿನ ಒಂದು ಹಾಳೆ ಇದೆ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ಅದರಲ್ಲಿ ಅಳತೆ ಬರೆಯುತ್ತೇವೆ.

ಗ್ಯಾರೇಜಿನಿಂದ ಕಾರು ತರುವಾಗ ಒಂದು ವಿಷಯ ನೆನಪಿಡಿ. ಬ್ರೇಕ್ ಪ್ಯಾಡ್ ಬದಲಿಸುವಾಗ ಒಳಗಿನ ಪಿಸ್ಟನನ್ನು ಹಿಂದಕ್ಕೆ ತಳ್ಳಿರುತ್ತಾರೆ. ಆಮೇಲೆ ಯಾರೂ ಪೆಡಲ್ ತುಳಿಯದೆ ಇದ್ದರೆ ಮೊದಲ ಸಲ ನೀವು ತುಳಿದಾಗ ಅದು ನೇರ ನೆಲಕ್ಕೆ ಹೋಗುತ್ತದೆ. ಅದು ಗೇಟಿನ ಬಳಿಯೋ ರಸ್ತೆಯ ಇಳಿಜಾರಿನಲ್ಲೋ ಆಗಬಾರದು. ಆದ್ದರಿಂದ ಕುಳಿತ ಕೂಡಲೇ, ಗೇರು ಹಾಕುವುದಕ್ಕೆ ಮುಂಚೆ, ಪೆಡಲ್ ಗಟ್ಟಿಯಾಗುವವರೆಗೆ ನಾಲ್ಕೈದು ಬಾರಿ ತುಳಿಯಿರಿ. ಗಟ್ಟಿಯಾಗದಿದ್ದರೆ ಕೀಯನ್ನು ಅಲ್ಲೇ ವಾಪಸು ಕೊಟ್ಟು ಆಟೋ ಹಿಡಿದು ಮನೆಗೆ ಬನ್ನಿ.